ಪಾದರಸ ಗುಡಿಸಿದ ಬೆಳಗುಗಳು

ಪೊರಕೆಯ ಕಡ್ಡಿ ತಾಕಿದೊಡನೆ ಪಾದರಸದ ಹನಿ ಒಡೆದು ಎರಡಾಗುತ್ತಿತ್ತು, ಎರಡು ನಾಲ್ಕಾಗುತ್ತಿತ್ತು, ಆಮೇಲೆ ಎಣಿಕೆಗೆ ಸಿಗದೆ ಸಿಮೆಂಟಿನ ಬಿರುಕುಗಳೊಳಗೆ ಓಡಿಬಿಡುತ್ತಿತ್ತು. ಬೆಳಗಿನ ಓರೆ ಬಿಸಿಲಿನಲ್ಲಿ ನೆಲದ ತುಂಬ ಸಾಸಿವೆಗಿಂತ ಸಣ್ಣ ಬೆಳಕಿನ ಕಾಳುಗಳು. ಆಗ ನನಗೆ ಇಪ್ಪತ್ತು ವರ್ಷ. ನೋಡಲು ಅಷ್ಟು ಚೆಂದವಾಗಿದ್ದುದು ಕೆಟ್ಟದ್ದನ್ನು ಮಾಡೀತೆಂದು ನನಗೆ ಹೊಳೆದಿರಲಿಲ್ಲ.

ಅದು ಟ್ಯೂಬ್‌ಲೈಟು ತಯಾರಿಸುವ ಕಾರ್ಖಾನೆ. ಗಾಜಿನ ಕೊಳವೆಯೊಳಗಿನ ಗಾಳಿಯನ್ನು ಹೀರಿ ತೆಗೆದು, ಒಂದು ಹನಿ ಪಾದರಸ ಬಿಟ್ಟು ಬಾಯಿ ಮುಚ್ಚುವ ದೊಡ್ಡ ಯಂತ್ರದ ಮುಂದೆ ತುಂಗಕ್ಕ ಕೂರುತ್ತಿದ್ದಳು. ಹನ್ನೊಂದು ವರ್ಷದಿಂದ ಅದೇ ಸ್ಟೂಲು. ನಾನು ಅದೇ ಹಜಾರದ ಇನ್ನೊಂದು ತುದಿಯಲ್ಲಿ, ಸಿದ್ಧವಾದ ಕೊಳವೆಗಳಿಗೆ ತಗಡಿನ ಟೋಪಿ ತೊಡಿಸುವ ಮೇಜಿನಲ್ಲಿದ್ದೆ. ಕೆಲಸಕ್ಕೆ ಸೇರಿದ ಮೊದಲ ದಿನ ಊಟ ತಂದಿರದ ನನ್ನೆದುರಿಗೆ ತನ್ನ ಡಬ್ಬಿಯ ಮುಚ್ಚಳದಲ್ಲಿ ಅರ್ಧ ಅನ್ನ ಹಾಕಿ ನೂಕಿದವಳು ಅವಳು.

ಗುಡಿಸದ ಜಾಗದಲ್ಲಿ ಯಾರೂ ಕೂತು ಕೆಲಸ ಶುರುಮಾಡುತ್ತಿರಲಿಲ್ಲ. ಯಾರ ಅಪ್ಪಣೆಯೂ ಅಲ್ಲ; ಮನೆಯ ಹೊಸ್ತಿಲಿಗೆ ಇದ್ದ ಪದ್ಧತಿ ಹೆಂಗಸರ ಜೊತೆಗೇ ಕಾರ್ಖಾನೆಗೂ ಬಂದಿತ್ತು. ಎಲ್ಲರಿಗಿಂತ ಮೊದಲು ಬರುತ್ತಿದ್ದ ನಾನು ಆ ಕೆಲಸವನ್ನು ನನ್ನದಾಗಿಸಿಕೊಂಡೆ. ಕಸ ಹಾರಬಾರದೆಂದು ಕಿಟಕಿ ಮುಚ್ಚಿ, ಫ್ಯಾನು ಆರಿಸಿ ಗುಡಿಸುತ್ತಿದ್ದೆ. ತುಂಗಕ್ಕನಿಗೆ ಸೊಂಟ ಬಗ್ಗುತ್ತಿರಲಿಲ್ಲವಾದ್ದರಿಂದ ಅವಳ ಸ್ಟೂಲಿನ ಸುತ್ತ ಎರಡೆರಡು ಸಲ.

ನಾನು ಸೇರಿದ ಎರಡನೆಯ ವರ್ಷ ಅವಳ ಕೈ ನಡುಗತೊಡಗಿತು. ದಿನಕ್ಕೊಂದೆರಡು ಕೊಳವೆ ಜಾರಿ ಒಡೆಯುತ್ತಿದ್ದವು. ಒಡೆದಾಗಲೆಲ್ಲ ಪಾದರಸ ನೆಲಕ್ಕೆ, ಮರುದಿನ ನನ್ನ ಪೊರಕೆಗೆ. ಮೊದಲು ನಗುನಗುತ್ತಿದ್ದವಳು ಸಣ್ಣ ಮಾತಿಗೂ ಅಳುತ್ತಿದ್ದಳು, ಇಲ್ಲವೇ ಹರಿಹಾಯುತ್ತಿದ್ದಳು. ವಯಸ್ಸಾಯಿತು, ಇನ್ನು ಮನೆಯಲ್ಲಿ ಕೂರಲಿ ಎಂದು ಸೂಪರ್‌ವೈಸರ್ ಶೇಷಪ್ಪನವರು ಎಲ್ಲರೆದುರು ಆಡಿದರು. ಅವಳಿಗೆ ನಲವತ್ತಮೂರು. ಗಂಡನಿಲ್ಲ, ಮಕ್ಕಳಿಲ್ಲ. ಕೆಲಸ ಹೋದರೆ ತಂಗಿಯ ಮನೆಯ ಅಡುಗೆಕೋಣೆಯ ಮೂಲೆಯೇ ಗತಿ ಎಂಬುದು ನಮಗೆಲ್ಲ ಗೊತ್ತಿತ್ತು.

ಅಂಥ ದಿನಗಳಲ್ಲೇ ಇಂದುಮತಿ ಮೇಡಂ ಬಂದರು. ಕಾರ್ಖಾನೆಗಳ ಗಾಳಿಯನ್ನು ಅಳೆಯುವ ವೈದ್ಯೆ. ಗಾಳಿಯಲ್ಲಿ ಪಾದರಸ ಎಷ್ಟಿದೆಯೆಂದು ಮುಳ್ಳು ತೋರಿಸುವ ಒಂದು ಪೆಟ್ಟಿಗೆ ಹಿಡಿದು ಹಜಾರದ ಮೂಲೆಮೂಲೆ ಸುತ್ತಿದರು. ನಮ್ಮೆಲ್ಲರಿಗೂ ಹೆಸರಿನ ಚೀಟಿ ಅಂಟಿಸಿದ ಬಾಟಲಿ ಕೊಟ್ಟು, ಮೂತ್ರ ಬೇಕು, ಮೈಯೊಳಗೆ ಎಷ್ಟು ಪಾದರಸ ಸೇರಿದೆಯೆಂದು ಅದರಲ್ಲಿ ತಿಳಿಯುತ್ತದೆ ಎಂದರು. ಬಚ್ಚಲ ಮುಂದೆ ಸಾಲು ನಿಂತ ಹೆಂಗಸರಿಗೆ ನಾಚಿಕೆಯೂ ನಗೆಯೂ ಒಟ್ಟಿಗೇ. "ಮನೇಲಿ ನಾನುಂಟೋ ಇಲ್ವೋ ಅಂತ ಕೇಳೋರಿಲ್ಲ, ಇಲ್ಲಿ ನೋಡಿದ್ರೆ ಇದಕ್ಕೂ ಹೆಸರು ಬರೆದವ್ರೆ," ಎಂದಳು ಒಬ್ಬಳು.

ತುಂಗಕ್ಕ ನಗಲಿಲ್ಲ. ನನ್ನನ್ನು ಬಾಗಿಲ ಹಿಂದಕ್ಕೆ ಎಳೆದು ತನ್ನ ಬಾಟಲಿಯನ್ನು ನನ್ನ ಕೈಗಿಟ್ಟಳು.

"ನೀನೇ ತುಂಬಿಸಿಬಿಡೇ. ನೀನು ಚಿಕ್ಕೋಳು, ದೂರದಲ್ಲಿ ಕೂರ್ತೀಯ, ನಿಂದರಲ್ಲಿ ಏನೂ ಇರಲ್ಲ. ನಂದು ಕಾಗದದ ಮೇಲೆ ಬಂತು ಅಂದ್ರೆ ಶೇಷಪ್ಪ ನಾಳೇನೇ ಕಳಿಸ್ತಾನೆ."

ನಾನು ಎರಡೂ ಬಾಟಲಿ ತುಂಬಿಸಿದೆ. ತಪ್ಪೆನಿಸಲಿಲ್ಲ. ಅವಳ ಅನ್ನದ ಋಣ ಇಷ್ಟು ಸುಲಭವಾಗಿ ತೀರುತ್ತದಲ್ಲ ಎಂದು ಒಳಗೊಳಗೇ ಹಿಗ್ಗಿದೆ ಕೂಡ.

ಹದಿನೈದು ದಿನದ ಮೇಲೆ ಮೇಡಂ ನನ್ನೊಬ್ಬಳನ್ನೇ ಕರೆಸಿದರು. ಮೇಜಿನ ಮೇಲೆ ಪಟ್ಟಿಯಿತ್ತು. ನಲವತ್ತು ಹೆಸರುಗಳಲ್ಲಿ ನನ್ನ ಮತ್ತು ತುಂಗಕ್ಕನ ಹೆಸರಿನ ಮುಂದೆ ಮಾತ್ರ ಒಂದೇ ಸಮನಾದ ಅಂಕಿ, ಮತ್ತು ಆ ಅಂಕಿ ಎಲ್ಲರಿಗಿಂತ ಮೇಲಿನದು.

"ಎರಡು ಮೈಯಲ್ಲಿ ಹೀಗೆ ಒಂದೇ ಥರ ಬರೋದಿಲ್ಲಮ್ಮ," ಎಂದರು. "ಇದು ನಿನ್ನದೋ, ಅವರದೋ?"

ಸುಳ್ಳು ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು ನಿಜವೇ: ಎರಡೂ ನನ್ನವೇ. ಅವರು ಬೈಯಲಿಲ್ಲ. ಟೋಪಿ ಹಾಕುವ ಮೇಜಿನಲ್ಲಿ ಕೂರುವ ನನ್ನೊಳಗೆ ಇಷ್ಟೊಂದು ಹೇಗೆ ಬಂತೆಂಬುದೇ ಅವರ ಚಿಂತೆಯಾಗಿತ್ತು. ಬಂದ ಗಳಿಗೆಯಿಂದ ಏನೇನು ಮಾಡುತ್ತೀ ಎಂದು ಕೇಳಿದರು. ಹೇಳುತ್ತ ಹೋದೆ. ಪೊರಕೆಯ ಮಾತು ಬಂದಾಗ ಅವರ ಪೆನ್ನು ನಿಂತಿತು.

ಮರುದಿನ ನನಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ದಿನವೂ ಮಾಡುವಂತೆಯೇ ಮಾಡು ಎಂದರು. ಕಿಟಕಿ ಮುಚ್ಚಿದೆ, ಫ್ಯಾನು ಆರಿಸಿದೆ. ಹನಿಗಳು ಒಡೆದು ಓಡಿದವು. ಅವರು ಪೆಟ್ಟಿಗೆಯನ್ನು ನನ್ನ ಮುಖದ ಬಳಿ ಹಿಡಿದು ಜೊತೆಜೊತೆಗೇ ನಡೆದರು. ಯಂತ್ರ ಓಡುವ ನಡುಹಗಲಿನಲ್ಲೂ ಅರ್ಧಕ್ಕೆ ಮಾತ್ರ ಏರುತ್ತಿದ್ದ ಮುಳ್ಳು ತುಂಗಕ್ಕನ ಸ್ಟೂಲಿನ ಬಳಿ ಕೊನೆಯ ಗೆರೆಗೆ ಹೋಗಿ ತಗುಲಿ ನಿಂತಿತು. ಮೇಡಂ ಮೆಲ್ಲಗೆ ನನ್ನ ಕೈಯಿಂದ ಪೊರಕೆ ತೆಗೆದುಕೊಂಡರು.

"ಹನಿ ಒಡೆದಷ್ಟೂ ಆವಿ ಜಾಸ್ತಿ. ಕಣ್ಣಿಗೆ ಕಾಣಲ್ಲ, ವಾಸನೆಯೂ ಇಲ್ಲ. ಗುಡಿಸುವಾಗ ನೀನು ಅದನ್ನೇ ಉಸಿರಾಡ್ತೀಯ, ನೀನು ಗುಡಿಸಿ ಹೋದ ಮೇಲೆ ಇಲ್ಲಿ ಕೂರೋರು ಇಡೀ ಬೆಳಿಗ್ಗೆ ಅದನ್ನೇ ಉಸಿರಾಡ್ತಾರೆ."

ಆ ಮಧ್ಯಾಹ್ನ ಊಟದ ಹೊತ್ತಿಗೆ ತುಂಗಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ತುತ್ತನ್ನು ಡಬ್ಬಿಗೇ ಮರಳಿ ಇಟ್ಟಳು.

"ನನ್ನ ಕಾಲಬುಡ ನೀನು ಎರಡು ಸಲ ಗುಡಿಸ್ತಿದ್ದೆ, ಅಲ್ವೇನೇ," ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆಮೇಲೆ ಬದಲಾವಣೆಗಳಾದವು, ಮೇಡಂ ಹಟ ಹಿಡಿದು ಮಾಡಿಸಿದರು. ಪೊರಕೆಗಳೆಲ್ಲ ಹೋಗಿ ಹನಿಗಳನ್ನು ಹೀರಿಕೊಳ್ಳುವ ಯಂತ್ರ ಬಂತು. ಬಿರುಕು ಮುಚ್ಚಿ ನೆಲವನ್ನು ನುಣ್ಣಗೆ ಮಾಡಿದರು. ದೊಡ್ಡ ಯಂತ್ರಕ್ಕೆ ಗೂಡು ಕಟ್ಟಿ ಅದರ ಗಾಳಿಯನ್ನು ಕೊಳವೆಯಲ್ಲಿ ಹೊರಗೆಳೆದರು. ಬಟ್ಟೆಗೂ ಪಾದರಸ ಅಂಟುವುದರಿಂದ ಕೆಲಸದ ಕೋಟು ಮನೆಗೆ ಹೋಗಕೂಡದೆಂದಾಯಿತು. ತುಂಗಕ್ಕನ ಕೈ ನಡುಗುವುದು ವಯಸ್ಸಿನಿಂದಲ್ಲ, ಕೆಲಸದಿಂದ ಎಂದು ಅವರು ಬರೆದುಕೊಟ್ಟ ಮೇಲೆ ಶೇಷಪ್ಪನವರು ಅವಳನ್ನು ಕಳಿಸುವ ಮಾತೆತ್ತಲಿಲ್ಲ. ಪಾದರಸದ ಸುಳಿವಿಲ್ಲದ, ಒಗೆದ ಕೋಟುಗಳನ್ನು ಎತ್ತಿಕೊಡುವ ಕೋಣೆ ಅವಳ ಪಾಲಿಗೆ ಬಂತು. ನಡುಕ ವರ್ಷದೊಳಗೆ ಎಷ್ಟೋ ಕಡಿಮೆಯಾಯಿತು, ಪೂರಾ ಹೋಗಲಿಲ್ಲ.

ಆದರೆ ಈಗಲೂ ನನ್ನ ಕಣ್ಣೆದುರು ನಿಲ್ಲುವುದು ಈ ಬದಲಾವಣೆಗಳಿಗೂ ಮೊದಲಿನ ಒಂದು ದಿನ. ಮೇಡಂ ನಮ್ಮಿಬ್ಬರನ್ನೂ ಪರೀಕ್ಷೆಗೆ ಕರೆದಿದ್ದರು. ತುಂಗಕ್ಕ ತನ್ನ ಬಾಟಲಿಯನ್ನು ಈ ಸಲ ತಾನೇ ತುಂಬಿಸಿ ತಂದಿದ್ದಳು. ಅವಳ ಎರಡೂ ಕೈ ಮುಂದಕ್ಕೆ ಚಾಚಿಸಿ, ನಡುಕ ಕಾಣಲೆಂದು ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು ಮೇಡಂ. ಹಾಳೆ ಪಟಪಟನೆ ಸದ್ದು ಮಾಡಿತು. ತುಂಗಕ್ಕ ತಲೆ ತಗ್ಗಿಸಲಿಲ್ಲ, ಅದನ್ನೇ ನೋಡುತ್ತ ನಿಂತಳು.

ಆಮೇಲೆ ನನ್ನ ಸರದಿ. ಕೈ ಚಾಚಿದೆ. ಹಾಳೆ ಮೊದಲು ಸುಮ್ಮನಿತ್ತು. ಬಳಿಕ ಅದರ ಒಂದು ಅಂಚು ಸಣ್ಣಗೆ ಅಲುಗತೊಡಗಿತು. ನನ್ನ ಉಸಿರು ತಾಗಿತೇನೋ ಎಂದು ಉಸಿರು ಹಿಡಿದೆ. ಪಕ್ಕದಲ್ಲಿ ತುಂಗಕ್ಕನೂ ಉಸಿರು ಹಿಡಿದದ್ದು ತಿಳಿಯಿತು. ಹಾಳೆ ಅಲುಗುತ್ತಲೇ ಇತ್ತು.