ಏಣಿಯ ಹೆಂಡತಿ

"ತೆಗೀರಿ ಅದನ್ನ," ಎನ್ನುತ್ತ ಹೆಂಡತಿ ಹೆಣದ ಎದೆಯ ಮೇಲೆ ಹೊದಿಸಿದ್ದ ನೀಲಿ ಜೆರ್ಸಿಯ ತುದಿ ಹಿಡಿದು ಎಳೆದಳು. ಇನ್ನೊಂದು ತುದಿಯನ್ನು ಕ್ಯಾಪ್ಟನ್ ಬಿಡಲಿಲ್ಲ. ವಯಸ್ಸಾದ ಇಬ್ಬರು ಶವಪೆಟ್ಟಿಗೆಯ ಆಚೆ ಈಚೆ ನಿಂತು ಒಂದು ಬಟ್ಟೆಗಾಗಿ ಜಗ್ಗಾಡುವುದನ್ನು ಟೀವಿಯವನು ಸ್ವಲ್ಪ ಹೊತ್ತು ಕ್ಯಾಮೆರಾದಲ್ಲಿ ಹಿಡಿದು, ಆಮೇಲೆ ನಾಚಿಕೊಂಡು ಗೋಡೆಯ ಕಡೆ ತಿರುಗಿಸಿದ.

"ಅತ್ತಿಗೆ, ಇದು ಕ್ಲಬ್ಬಿನ ಗೌರವ," ಎಂದ ಕ್ಯಾಪ್ಟನ್.

"ಗೌರವಾನಾ? ಮಡಿಕೆ ಕೂಡ ಬಿಟ್ಟಿಲ್ಲ ಇದು. ಅಂಗಡಿಯಿಂದ ನೇರ ಇಲ್ಲಿಗೇ ತಂದಿದ್ದೀರಿ. ಏಣಿ ಅಂತ ಹೆಸರಿಟ್ಟವರೂ ನೀವೇ, ಹತ್ತಿ ಹೋದವರೂ ನೀವೇ. ಈಗ ಏಣಿಗೆ ಬಟ್ಟೆ ಹೊದಿಸ್ತೀರಾ?"

ಮಗಳು ತಾಯಿಯ ಮೊಣಕೈ ಹಿಡಿದಳು. "ಬಿಡಮ್ಮ. ಅಪ್ಪನಿಗೆ ಇಷ್ಟ ಆಗ್ತಿತ್ತು."

"ಗೊತ್ತು ಕಣೇ. ಯಾರು ಏನು ಹೊದಿಸಿದ್ರೂ ನಿಮ್ಮಪ್ಪನಿಗೆ ಇಷ್ಟಾನೇ."

ಅವಳು ಕೈ ಬಿಟ್ಟಳು. ಕ್ಯಾಪ್ಟನ್ ಜೆರ್ಸಿಯ ಸುಕ್ಕು ನೀವಿ, ತನ್ನ ಬಣ್ಣ ಹಚ್ಚಿದ ಕೂದಲನ್ನೂ ನೀವಿಕೊಂಡು, ಕ್ಯಾಮೆರಾ ವಾಪಸು ಬರಲೆಂದು ಕಾದ. ಕ್ಲಬ್ಬಿಗೆ ಈಗ ಅವನೇ ಅಧ್ಯಕ್ಷ.

*

ಏಣಿ ಬ್ಯಾಸ್ಕೆಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದವನು. ಬುಟ್ಟಿಯ ಕೆಳಗೆ ನಿಂತು, ನಾಲ್ಕು ಜನರ ಮೊಣಕೈ ತಿವಿತ ತಿಂದು, ಗುರಿ ತಪ್ಪಿದ ಚೆಂಡನ್ನು ಕಿತ್ತು ಕ್ಯಾಪ್ಟನ್ನಿನ ಕೈಗೆ ಕೊಡುವುದು ಅವನ ಕೆಲಸ. ಬುಟ್ಟಿಗೆ ಹಾಕುವವನು ಕ್ಯಾಪ್ಟನ್, ಹೆಗಲ ಮೇಲೆ ಮೆರೆಯುವವನೂ ಅವನೇ. ಅನೇಕ ಸಲ ಆ ಹೆಗಲೂ ಏಣಿಯದೇ ಆಗಿರುತ್ತಿತ್ತು.

ಕೊನೆಯ ಫೈನಲಿನ ದಿನ ಊದಿದ ಮೊಣಕಾಲಿಗೆ ಸೂಜಿ ಚುಚ್ಚಿಸಿ ಅವನನ್ನು ಅಂಗಳಕ್ಕಿಳಿಸಿದರು. ತಂಡ ಗೆದ್ದಿತು, ಮೊಣಕಾಲು ಹೋಯಿತು. ಕ್ಲಬ್ಬು ಗೋಡೆ ಗಡಿಯಾರವೊಂದನ್ನು ಕೊಟ್ಟು ಕೈತೊಳೆದುಕೊಂಡಿತು.

ಆಮೇಲೆ ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸಲು ಸೇರಿದ. ತಲೆಯ ಮೇಲೆ ಹಳದಿ ಬೋರ್ಡು ಹೊತ್ತ ಬೆಂಕಿಪೊಟ್ಟಣದಂಥ ಕಾರು. ಹೆಂಡತಿಯನ್ನು ಕರೆದೊಯ್ಯಲು ಬಂದವನು ತನ್ನನ್ನು ತಾನೇ ಮಡಚಿಕೊಂಡು ಅದರೊಳಗೆ ತೂರುವುದನ್ನು ಕಂಡು ಅವಳ ಶಾಲೆಯ ಸ್ಟಾಫ್ ರೂಮಿನವರು ಕಿಟಕಿಯಲ್ಲಿ ನಿಂತು ನಗುತ್ತಿದ್ದರು. ಗಣಿತ ಕಲಿಸುತ್ತಿದ್ದ ಅವಳೂ ಜೊತೆಗೆ ನಗುತ್ತಿದ್ದಳು, ಎಲ್ಲರಿಗಿಂತ ಜೋರಾಗಿ. ಮನೆಗೆ ಬಂದು, "ನಾಳೆಯಿಂದ ಕಾರು ಶಾಲೆ ಬೀದಿ ಕೊನೇಲಿ ನಿಲ್ಲಿಸಿ," ಎಂದಳು. ಅವನು ನಿಲ್ಲಿಸಿದ. ಅಲ್ಲಿಂದ ಶಾಲೆಯ ಗೇಟಿನವರೆಗೆ ಕುಂಟಿಕೊಂಡು ನಡೆದು ಬರುತ್ತಿದ್ದ.

ಟೀವಿಯಲ್ಲಿ ಕ್ಯಾಪ್ಟನ್ ಆ ಫೈನಲಿನ ಕತೆ ಹೊಡೆಯುತ್ತ "ನಮ್ಮ ಹುಡುಗರು" ಎಂದನೆಂದರೆ ಸಾಕು, ಏಣಿ ಸೋಫಾದಲ್ಲಿ ನೆಟ್ಟಗಾಗುತ್ತಿದ್ದ.

"ಕೇಳಿಸ್ತಾ? ನನ್ನ ಬಗ್ಗೇನೇ ಹೇಳಿದ್ದು."

"ಹುಡುಗರು ಅಂದ್ರು. ನೀರು ತಂದುಕೊಡೋನೂ ಅದರಲ್ಲೇ ಬಂದ."

ಏಣಿ ನಗುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯುತ್ತಿದ್ದುದು ಆ ನಗುವಿಗೇ. ತುಳಿದವರ ಮೇಲೆ ಒಂದು ಸಲವಾದರೂ ಸಿಟ್ಟು ಮಾಡದ ಗಂಡಸನ್ನು ಹೇಗೆ ಗೌರವಿಸುವುದೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯದೆಯೇ ಅವನ ಜೊತೆ ಮುದುಕಿಯಾದಳು.

*

ಸ್ಮಶಾನದಲ್ಲಿ ಕ್ಯಾಪ್ಟನ್ ಗುಂಡಿಯ ಅಂಚಿಗೆ ನಿಂತು ಭಾಷಣ ಶುರು ಮಾಡಿದ. ಬೂಟಿಗೆ ಮಣ್ಣು ತಾಗದಂತೆ ಹಲಗೆಯ ಮೇಲೆ ನಿಂತಿದ್ದ. ಏಣಿಯಿಂದ ಕಾರು ಕಲಿತ ಹಲ್ಲಿನ ಡಾಕ್ಟರಮ್ಮ ಒಬ್ಬರು ಮೂಗೊರೆಸಿಕೊಳ್ಳುತ್ತ, "ಎಷ್ಟು ಸಲ ಗೋಡೆಗೆ ಗುದ್ದಿಸಿದ್ರೂ ಒಂದಿನ ಬೈಯಲಿಲ್ಲ ರೀ," ಎಂದು ಮಗಳ ಕಿವಿಯಲ್ಲಿ ಹೇಳುತ್ತಿದ್ದರು. ಬೈಯಲು ಬಂದಿದ್ದರೆ ತಾನೇ, ಎಂದುಕೊಂಡಳು ಹೆಂಡತಿ.

"...ಕೊನೆಯವರೆಗೂ ಕ್ಲಬ್ಬು ಅವನ ಕೈ ಬಿಡಲಿಲ್ಲ," ಎಂದ ಕ್ಯಾಪ್ಟನ್.

ಅವಳು ಜೋರಾಗಿ ನಕ್ಕಳು. ಎಲ್ಲರೂ ತಿರುಗಿದರು.

"ಕಾಲು ತಗೊಂಡು ಕೈ ಬಿಡಲಿಲ್ವಾ? ಆ ಸೂಜಿ ಚುಚ್ಚಿಸಿದ್ಯಾರು? ಅದನ್ನೂ ಹೇಳಿ, ಕೇಳೋಣ."

ಕ್ಯಾಪ್ಟನ್ ಹಲಗೆಯಿಂದಿಳಿದು, ಮಣ್ಣಿನಲ್ಲಿ ಕಾಲೂರುತ್ತ ಅವಳ ಹತ್ತಿರ ಬಂದ. ದನಿ ತಗ್ಗಿಸಿದ.

"ಹೇಳಬಾರದು ಅಂತಿದ್ದೆ, ಅತ್ತಿಗೆ. ಡಾಕ್ಟರು ಆಗಲ್ಲ ಅಂದ್ರು. ನಾನೂ ಬೆಂಚಲ್ಲಿ ಕೂತ್ಕೋ ಅಂದೆ. 'ಬೆಂಚಲ್ಲಿ ಕೂತ್ರೆ ಮನೇಲಿ ಮುಖ ತೋರಿಸೋಕಾಗಲ್ಲ ಕಣೋ' ಅಂದ. 'ನನ್ನಲ್ಲಿ ಎತ್ತರ ಬಿಟ್ರೆ ಏನೂ ಇಲ್ಲ ಅಂದ್ಲು' ಅಂದ. ಡಾಕ್ಟರ ಕೈ ಹಿಡ್ಕೊಂಡು ಅವನೇ ಚುಚ್ಚಿಸ್ಕೊಂಡ."

"ಸುಳ್ಳು."

"ಸುಳ್ಳೇ ಅಂದ್ಕೊಳ್ಳಿ."

ಅಂದವನು ಈ ಸಲ ಕ್ಯಾಮೆರಾ ಎಲ್ಲಿದೆಯೆಂದು ನೋಡಲಿಲ್ಲ.

*

ಆ ಫೈನಲಿನ ಬೆಳಿಗ್ಗೆ ಅವಳು ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದಳು. ಅವನು ಎದುರಿಗೆ ಬಂದು ಪ್ಯಾಂಟು ಮೇಲೆತ್ತಿ ಮೊಣಕಾಲು ತೋರಿಸಿದ. ಕುಂಬಳಕಾಯಿಯ ಹಾಗೆ ಊದಿತ್ತು.

"ಇವತ್ತು ಆಡಲ್ಲ ಅಂತ ಹೇಳ್ಬಿಡ್ಲಾ?" ಎಂದು ಕೇಳಿದ.

ಅವಳು ಪೆನ್ನು ಕೆಳಗಿಡಲಿಲ್ಲ. "ನಮ್ಮ ಶಾಲೆಯವರೆಲ್ಲ ಟಿಕೆಟ್ ತಗೊಂಡಿದ್ದಾರೆ. ನೀವು ಬೆಂಚಲ್ಲಿ ಕೂತು ಚಪ್ಪಾಳೆ ತಟ್ಟೋದನ್ನ ನೋಡೋಕಾ ಅವರು ಬರೋದು? ದೇವರು ನಿಮಗೆ ಕೊಟ್ಟಿದ್ದು ಎತ್ತರ ಒಂದೇ. ಅದನ್ನೂ ಮಡಚಿಟ್ಕೊಂಡು ಕೂತ್ರೆ ಉಳಿಯೋದೇನು?"

ಹೇಳಿ, ಮುಂದಿನ ಹಾಳೆ ತಿರುವಿದ್ದಳು. ಅವನು ಪ್ಯಾಂಟು ಇಳಿಸಿಕೊಂಡು ನಕ್ಕಿದ್ದ.

*

ಗುಂಡಿ ಮುಚ್ಚಿದ ಮೇಲೆ ಜನ ಚದುರಿದರು. ಕ್ಯಾಪ್ಟನ್ ತನ್ನ ದೊಡ್ಡ ಕಾರಿನ ಬಾಗಿಲು ತೆರೆದು, "ಬನ್ನಿ ಅತ್ತಿಗೆ, ಮನೆಗೆ ಬಿಡ್ತೀನಿ," ಎಂದ. ಅವಳು ಕೇಳಿಸದವಳ ಹಾಗೆ ಅದನ್ನು ದಾಟಿ, ಗಂಡನ ಹಳದಿ ಬೋರ್ಡಿನ ಕಾರಿನ ಹತ್ತಿರ ಹೋದಳು. ಮಗಳು ಆಗಲೇ ಸ್ಟೇರಿಂಗಿನ ಮುಂದೆ ಕೂತಿದ್ದಳು.

"ಇದರಲ್ಲಿ ಬರ್ತೀಯಾ ಅಮ್ಮ?" ಮಗಳಿಗೆ ನಂಬಿಕೆಯಾಗಲಿಲ್ಲ.

ಅವಳು ಪಕ್ಕದ ಬಾಗಿಲು ತೆರೆದು ಕೂತಳು. ಕಲಿಸುವವನ ಕಾಲಿಗೆಂದು ಅಲ್ಲಿ ಬೇರೆಯೇ ಒಂದು ಬ್ರೇಕು ಇತ್ತು. ಅದರ ರಬ್ಬರು ಸವೆದು ಕಬ್ಬಿಣ ಮಿನುಗುತ್ತಿತ್ತು. ಸೀಟನ್ನು ಹಿಂದಕ್ಕೆ ಎಷ್ಟು ಸರಿಸಬಹುದೋ ಅಷ್ಟೂ ಸರಿಸಲಾಗಿತ್ತು.

ಅವಳು ಕಾಲು ಚಾಚಿದಳು. ಬ್ರೇಕು ಸಿಗಲಿಲ್ಲ. ಸೀಟಿನ ತುದಿಗೆ ಜಾರಿ ಇನ್ನಷ್ಟು ಚಾಚಿದಳು.

"ಸೀಟು ಮುಂದಕ್ಕೆ ಎಳ್ಕೋ ಅಮ್ಮ, ಕೆಳಗೆ ಹಿಡಿ ಇದೆ."

"ಬೇಡ. ಹಾಗೇ ಇರ್ಲಿ."

ಕಾರು ಹೊರಟಿತು. ತಿರುವು ಬಂದಾಗಲೆಲ್ಲ ಅವಳ ಚಪ್ಪಲಿಯ ತುದಿ ಗಾಳಿಯಲ್ಲೇ ಬ್ರೇಕು ತುಳಿಯುತ್ತಿತ್ತು.