ಕಪ್ಪು ತುದಿಯ ಹೆಬ್ಬೆರಳು

ಹಂದಿತೊಡೆ ಕೈತಪ್ಪಿತೆಂದು ನನ್ನ ತಮ್ಮ ಲೌರಿಡ್ಸ್ ಮೂರು ದಿನ ಮುಖ ಊದಿಸಿಕೊಂಡಿದ್ದ. ನಮ್ಮ ಕ್ಲಿಟ್‌ರುಪ್‌ನ ಸಭಾಭವನದಲ್ಲಿ ವರ್ಷವರ್ಷವೂ ನವೆಂಬರಿನಲ್ಲಿ ನಂಬರು ಕೂಗುವ ಆಟ ನಡೆಯುತ್ತದೆ. ಮೊದಲ ಬಹುಮಾನ ಹಂದಿತೊಡೆ, ಎರಡನೆಯದು ಬಾತುಕೋಳಿ. ಮೂರನೆಯದು ಯಾವಾಗಲೂ ಕಾಫಿಪುಡಿ. ಆ ವರ್ಷ ಮಾತ್ರ ಮೂರನೆಯ ಬಹುಮಾನವಾಗಿ ಪಟ್ಟಣದ ಚಿತ್ರಗಳ ಮ್ಯೂಸಿಯಂನವರು ಒಂದು ಚೀಟಿ ಕೊಟ್ಟಿದ್ದರು. ಸೋಮವಾರ, ಬೇರೆಯವರಿಗೆ ಬಾಗಿಲು ಹಾಕಿರುವ ದಿನ, ಇಬ್ಬರಿಗೆ ಮಾತ್ರ ಒಬ್ಬ ಗೈಡ್ ಜೊತೆಗೆ ಬಂದು ಒಂದು ಗಂಟೆ ಚಿತ್ರ ತೋರಿಸುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಅದು ಲೌರಿಡ್ಸ್‌ಗೆ ಬಂತು.

"ನೀನೇ ಇಟ್ಕೋ ಅಕ್ಕ," ಎಂದ. "ಇದನ್ನೇನು ಬೇಯಿಸಿ ತಿನ್ನಕ್ಕಾಗುತ್ತಾ?"

"ಇಬ್ಬರಿಗೆ ಅಂತ ಬರ್ದಿದೆಯಲ್ಲೋ. ನೀನೂ ಬಾ."

"ನಾನು ಬಂದು ಏನ್ ಮಾಡ್ಲಿ?"

"ಸುಮ್ನೆ ಇರೋದನ್ನ ಕಲಿ. ಎಂಬತ್ತಾಯ್ತು, ಇನ್ನೂ ಅದೊಂದು ಬಂದಿಲ್ಲ ನಿಂಗೆ."

ನನಗೆ ಆಗ ಎಂಬತ್ತಾರು. ಆ ಕಟ್ಟಡದ ಮುಂದೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ, ಒಳಗೆ ಕಾಲಿಟ್ಟಿರಲಿಲ್ಲ. ನಾವು ಓದಿದ್ದು ದಿನ ಬಿಟ್ಟು ದಿನ ನಡೆಯುತ್ತಿದ್ದ ಶಾಲೆಯಲ್ಲಿ. ಹನ್ನೆರಡಕ್ಕೆ ಅದನ್ನೂ ಬಿಟ್ಟು ನಾನು ಗಾಳಕ್ಕೆ ಹುಳ ಚುಚ್ಚಲು ಕೂತೆ. ಚಿತ್ರ ನೋಡುವುದು ಬೇಸಿಗೆಯಲ್ಲಿ ಬರುವ ಪೇಟೆಯವರ ಕೆಲಸ ಎಂದುಕೊಂಡಿದ್ದೆ.

ಆದರೂ ನಮಗಾಗಿ ಒಬ್ಬರು ರಜೆಯ ದಿನ ಬಾಗಿಲು ತೆಗೆಯುತ್ತಾರೆ ಎಂದರೆ ಬರಿಗೈಯಲ್ಲಿ ಹೋಗುವುದು ಹೇಗೆ? ನನಗೆ ಬರುವುದು ಹೆಣಿಗೆ ಒಂದೇ. ಅಜ್ಜಿ ಕಲಿಸಿದ್ದು. ಹದಿನೈದು ದಿನ ಕೂತು ಬೂದು ಉಣ್ಣೆಯಲ್ಲಿ, ನಮ್ಮ ಮೀನುಗಾರರು ಹಾಕುವಂಥ, ನಾಲ್ಕು ಬೆರಳೂ ಒಂದೇ ಚೀಲದಲ್ಲಿ ಕೂರುವ ಒಂದು ಜೊತೆ ಕೈಗವಸು ಹೆಣೆದೆ. ಕಂದು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಗೈಡ್ ರಿಕ್ಕೆ ಎಂಬ ಹೆಂಗಸು. ನಲವತ್ತರ ಹತ್ತಿರ, ಕತ್ತರಿಸಿದ ಕೂದಲು, ಕಾಲಿಗೆ ಸದ್ದು ಬರದ ಬೂಟು. ನಮ್ಮ ಚೀಲ, ಕೋಟು ಎಲ್ಲ ಕೆಳಗಿನ ಲಾಕರಿನಲ್ಲಿ ಇಡಿಸಿದಳು. ಉಡುಗೊರೆಯೂ ಅಲ್ಲೇ ಉಳಿಯಿತು. ಹೋಗುವಾಗ ಕೊಟ್ಟರಾಯಿತು ಎಂದುಕೊಂಡೆ.

"ಒಂದೇ ಒಂದು ಮಾತು," ಎಂದಳು ಮೆಟ್ಟಿಲು ಹತ್ತುತ್ತಾ. "ಚಿತ್ರದ ತೀರಾ ಹತ್ರ ಹೋಗ್ಬೇಡಿ. ಗೋಡೇಲಿ ಕಣ್ಣಿದೆ. ಬಗ್ಗಿದ್ರೆ ಕೂಗುತ್ತೆ."

"ನಮ್ಮಕ್ಕ ಹಾಗೇ," ಎಂದ ಲೌರಿಡ್ಸ್. ಅವಳು ಜೋರಾಗಿ ನಕ್ಕಳು. ನನಗೆ ಅವಳು ಅಲ್ಲೇ ಹಿಡಿಸಿದಳು.

ಮೊದಲನೆಯ ಕೋಣೆಯ ತುಂಬ ಸಮುದ್ರ. ರಿಕ್ಕೆ ನಮ್ಮನ್ನು ಒಂದು ಚಿತ್ರದ ಮುಂದೆ ನಿಲ್ಲಿಸಿ, "ಸ್ವಲ್ಪ ಹೊತ್ತು ಹೀಗೇ ನಿಂತಿರಿ, ಕಣ್ಣು ಒಗ್ಗಲಿ," ಎಂದಳು. ಮೂರು ದೋಣಿ, ಮರಳು, ಮೇಲೆ ಹಳದಿ ಬೆರೆತ ಆಕಾಶ. ಮೊದಲು ಬರೀ ಬಣ್ಣ ಕಂಡಿತು. ಆಮೇಲೆ ತಣ್ಣಗಾಯಿತು. ನಿಜವಾಗಿ ನನ್ನ ಮೊಣಕೈವರೆಗೆ ತಣ್ಣಗಾಯಿತು. ಅಲೆ ಒಡೆಯುವ ಜಾಗದಲ್ಲಿ ನೀರು ಹಸಿರಾಗಿ, ಒಳಗೆ ಬೆಳಕು ತೂರಿ, ಇನ್ನೇನು ಬೀಳಬೇಕು ಎನ್ನುವಂತೆ ನಿಂತಿತ್ತು. ಎಂಬತ್ತು ವರ್ಷ ಆ ನೀರನ್ನು ನೋಡಿದವಳು ನಾನು, ಅದು ಅಷ್ಟು ಹಸಿರು ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ.

ಲೌರಿಡ್ಸ್ ಆಕಾಶದ ಕಡೆ ನೋಡುತ್ತಿದ್ದ. ಬಹಳ ಹೊತ್ತು ನೋಡಿ ತಲೆಯಾಡಿಸಿದ.

"ಏನಾಯ್ತು?" ಎಂದಳು ರಿಕ್ಕೆ.

"ನಾನಾದ್ರೆ ಇವತ್ತು ದೋಣಿ ಇಳಿಸಲ್ಲ. ಆ ಹಳದಿ ನೋಡಿ. ಮಧ್ಯಾಹ್ನದೊಳಗೆ ಗಾಳಿ ತಿರುಗುತ್ತೆ."

ರಿಕ್ಕೆ ನಗಲಿಲ್ಲ. "ಆ ದಿನ ಹಾಗೇ ಆಯ್ತಂತೆ," ಎಂದಳು ಮೆಲ್ಲಗೆ. "ಚಿತ್ರಕಾರ ಕಾಗದದಲ್ಲಿ ಬರ್ದಿದ್ದಾನೆ. ಮಧ್ಯಾಹ್ನ ಗಾಳಿಗೆ ಅವನ ಛತ್ರಿ ಹಾರಿಹೋಯ್ತಂತೆ."

ನನ್ನ ತಮ್ಮ ಸೊಂಟ ನೋವು ಎಂದು ನೆಪ ಹೇಳಿ ಅಲ್ಲೇ ಬೆಂಚಿನ ಮೇಲೆ ಕುಳಿತ. "ನೀವು ಮುಂದೆ ಹೋಗಿ, ನಾನು ಇದನ್ನ ಇನ್ನೂ ಸ್ವಲ್ಪ ನೋಡ್ಬೇಕು."

ಹಾಗಾಗಿ ಎರಡನೆಯ ಕೋಣೆಗೆ ನಾವಿಬ್ಬರೇ ಹೋದದ್ದು.

ಅಲ್ಲಿ ಒಂದು ಗೋಡೆಗೆ ಒಂದೇ ಚಿತ್ರ. ಆಳೆತ್ತರ. ದಡದಲ್ಲಿ ಇಬ್ಬರು ಗಂಡಸರು ಗಾಳದ ಉದ್ದ ಹಗ್ಗ ಎಳೆಯುತ್ತಿದ್ದಾರೆ. ಮುಂದಿನವನು ಹಿಂದಕ್ಕೆ ವಾಲಿ, ಭಾರವನ್ನೆಲ್ಲ ಹಿಮ್ಮಡಿಗೆ ಕೊಟ್ಟಿದ್ದಾನೆ. ಹಗ್ಗದಿಂದ ನೀರು ತೊಟ್ಟಿಕ್ಕುತ್ತಿದೆ.

"ಇದನ್ನ ಬರೆದೋನು ವಿಲಾಡ್ಸ್ ಹೋಯರ್," ಎಂದಳು ರಿಕ್ಕೆ. "ಬರೆದು ಕೋಪನ್‌ಹೇಗನ್‌ಗೆ ಒಯ್ದ. ನೂರಿಪ್ಪತ್ತು ವರ್ಷ ಯಾರದೋ ಊಟದ ಕೋಣೇಲಿತ್ತು. ಹೋದ ವರ್ಷ ನಮಗೆ ಬಂತು. ಎಷ್ಟು ಚೆನ್ನಾಗಿದೆ ಅಲ್ವಾ? ಒಂದೇ ಒಂದು ಊನ. ಮುಂದಿನವನ ಕೈಗವಸು ಹಾಕಿದ ಆ ಕೈ ನೋಡಿ."

ನಾನು ಆಗಲೇ ಆ ಕೈಯನ್ನೇ ನೋಡುತ್ತಿದ್ದೆ.

"ಹಗ್ಗ ಹಿಡಿದ ಕಡೆ ಹೆಬ್ಬೆರಳು ಸರಿಯಾಗಿದೆ. ಆದ್ರೆ ಕಿರುಬೆರಳಿನ ಕಡೆ ಇನ್ನೊಂದು ಹೆಬ್ಬೆರಳು, ಮಸುಕಾಗಿ, ತುದಿ ಕಪ್ಪಾಗಿ ಕಾಣುತ್ತೆ ನೋಡಿ. ಮೊದಲು ಕೈಯನ್ನ ತಿರುಗಾಮುರುಗಾ ಬರೆದಿದ್ದಾನೆ, ತಪ್ಪಾಯ್ತು ಅಂತ ಅದರ ಮೇಲೆ ಮರಳಿನ ಬಣ್ಣ ಬಳಿದಿದ್ದಾನೆ. ಎಣ್ಣೆಬಣ್ಣ ವಯಸ್ಸಾದ ಹಾಗೆ ತೆಳುವಾಗುತ್ತೆ ಅಮ್ಮ. ಅಡಿಯಲ್ಲಿ ಇದ್ದದ್ದು ನಿಧಾನವಾಗಿ ಮೇಲೆ ಬರುತ್ತೆ. ಗುರುವಾರ ದುರಸ್ತಿಯವರು ಬರ್ತಾರೆ, ಮತ್ತೆ ಮುಚ್ತಾರೆ. ಮುಚ್ಚಬೇಕು ಅಂತ್ಲೇ ತಾನೇ ಅವನಿಗೂ ಇದ್ದದ್ದು?"

ನಾನು ಹೂಂ ಎಂದೆ.

ಅಜ್ಜಿ ಹೇಳುತ್ತಿದ್ದಳು. ಮದುವೆಯಾದ ಎರಡನೆಯ ವರ್ಷ, ಚಳಿ ಇನ್ನೂ ಬಿಡದ ವಸಂತದಲ್ಲಿ, ಪೇಟೆಯ ಚಿತ್ರಕಾರನೊಬ್ಬ ಅವಳ ಮನೆಯ ಅಟ್ಟದಲ್ಲಿ ಇಳಿದುಕೊಂಡಿದ್ದ. ನೋಡುವುದೊಂದೇ ಅವನ ಕಸುಬು. ಅಜ್ಜ ಕ್ರೆಸ್ಟೆನ್‌ನನ್ನು ಹನ್ನೊಂದು ದಿನ ದಡದಲ್ಲಿ ಹಗ್ಗ ಹಿಡಿಸಿ ನಿಲ್ಲಿಸಿದ. ಆ ಚಳಿಗಾಲ ಮನೆಯಲ್ಲಿ ಬೂದು ಉಣ್ಣೆ ಸಾಲದೆ ಬಂದಿತ್ತು. ಅಜ್ಜನ ಕೈಗವಸಿನ ಎರಡನೆಯ ಹೆಬ್ಬೆರಳಿಗೆ ಇನ್ನು ನಾಲ್ಕು ಸುತ್ತು ಬೇಕಿತ್ತು. ಪಕ್ಕದ ಮನೆಯ ಕರಿ ಕುರಿಯ ಉಣ್ಣೆ ಬೇಡಿ ತಂದು ಅಜ್ಜಿ ತುದಿ ಮುಗಿಸಿದಳು. ಯಾರ ಕಣ್ಣಿಗೂ ಬೀಳುವುದಿಲ್ಲ ಎಂದುಕೊಂಡಿದ್ದಳು. ಅವನ ಕಣ್ಣಿಗೆ ಬಿತ್ತು. ಕೈಗವಸನ್ನು ಕೈಯಲ್ಲಿ ಹಿಡಿದು, "ಈ ಕಪ್ಪು ಯಾಕೆ ಬಂತು?" ಎಂದು ಕೇಳಿಯೇಬಿಟ್ಟ. ಹೊಸ ಸಂಸಾರದ ಹೆಂಗಸು, ನಾಚಿಕೆಯಿಂದ ನೆಲಕ್ಕಿಳಿದು ಹೋದಳು. "ಅದೊಂದು ಮಾತ್ರ ಬರೀಬೇಡಿ ಸ್ವಾಮಿ, ನಮ್ಮ ಬಡತನ ರಾಜಧಾನಿಯವರೆಲ್ಲ ನೋಡ್ತಾರೆ," ಎಂದು ಬೇಡಿಕೊಂಡಳು. "ಆಗಲಿ ತಾಯಿ, ಬರೆಯೋಲ್ಲ," ಎಂದನಂತೆ.

ಅಜ್ಜಿ ನಂಬಲಿಲ್ಲ. ಅಜ್ಜ ಮೂವತ್ನಾಲ್ಕಕ್ಕೆ ಸಮುದ್ರದ ಪಾಲಾದ, ಒಂದು ಫೋಟೋ ಕೂಡ ಇಲ್ಲದೆ. ಅಜ್ಜಿ ಎಂಬತ್ತೆರಡರವರೆಗೆ ಬದುಕಿದಳು. ಹೆಣಿಗೆ ಕಡ್ಡಿ ಹಿಡಿದಾಗಲೆಲ್ಲ, "ಬರ್ದೇ ಇರ್ತಾನೆ ಕಣೇ ಥೋರಾ. ಅವನ ಕಣ್ಣೇ ಹೇಳ್ತಿತ್ತು," ಎನ್ನುತ್ತಿದ್ದಳು.

ಬರೆದಿದ್ದ. ಕೊಟ್ಟ ಮಾತಿಗಾಗಿ ತಾನೇ ಮುಚ್ಚಿಯೂ ಇದ್ದ. ಎರಡೂ ನನ್ನ ಕಣ್ಣೆದುರಿಗಿದ್ದವು. ನಾನು ಬಾಯಿ ಬಿಡದಿದ್ದರೆ ಗುರುವಾರ ಅದು ಮತ್ತೆ ಮುಚ್ಚಿಹೋಗುತ್ತದೆ, ಅಜ್ಜಿ ಬೇಡಿಕೊಂಡ ಹಾಗೆಯೇ. ಬಾಯಿ ಬಿಟ್ಟರೆ ಅವಳ ನಾಚಿಕೆಯನ್ನು ನಾನೇ ಗೋಡೆಗೆ ತೂಗುಹಾಕಿದ ಹಾಗೆ. ಚಿತ್ರದವನ ಮುಖ ನೋಡುವ ಧೈರ್ಯವೂ ಬರಲಿಲ್ಲ. ರಿಕ್ಕೆಯ ಹಿಂದೆ ನಡೆದುಬಿಟ್ಟೆ.

ಮೂರನೆಯ ಕೋಣೆಯಲ್ಲಿ ಅವಳು ಏನೇನೋ ಹೇಳಿದಳು, ನನ್ನ ತಲೆಗೆ ಹೋಗಲಿಲ್ಲ. ಕೊನೆಗೆ ಒಂದು ಸಣ್ಣ ಚಿತ್ರದ ಮುಂದೆ ನಿಂತಳು. ಮಕ್ಕಳು ಬರೆಯುವ ಹಲಗೆಯಷ್ಟೇ ಇದೆ. ಒಬ್ಬ ಮುದುಕಿ ಕಿಟಕಿಯ ಹತ್ತಿರ ಕೂತು ಮೀನು ಹೆರೆಯುತ್ತಿದ್ದಾಳೆ. ಅವಳ ನೀಲಿ ಏಪ್ರನ್ನಿಗೆ ಮೊಣಕಾಲಿನ ಮೇಲೆ ತೇಪೆ. ತೇಪೆ ಬೇರೆ ನೀಲಿ, ಒಗೆದು ಒಗೆದು ಬಿಳಿಚಿದ್ದು. ಹೊಲಿಗೆ ಒಂದೊಂದೂ ಎಣಿಸಬಹುದು.

"ಬೆಳಿಗ್ಗೆ ಬಂದ ತಕ್ಷಣ ದೀಪ ಹಾಕಿ ನಾನು ಮೊದಲು ನೋಡೋದು ಈ ತೇಪೇನ," ಎಂದಳು ರಿಕ್ಕೆ. "ರಾಜರ ಚಿತ್ರ ಇದೆ ಇಲ್ಲಿ, ರೇಷ್ಮೆ, ಮುತ್ತು ಎಲ್ಲ ಇದೆ. ನಂಗೆ ಇದೇ ಬೇಕು. ಎಷ್ಟು ಅಚ್ಚುಕಟ್ಟು ನೋಡಿ ಆ ಕೈಗೆ. ಇದನ್ನ ಬರೆದೋನೂ ಅಷ್ಟೇ, ಕಿಟಕಿಯ ಬೆಳಕನ್ನೆಲ್ಲ ತಂದು ಅದ್ರ ಮೇಲೇ ಸುರಿದಿದ್ದಾನೆ."

ನಾನು ನೋಡಿದೆ. ಹೌದು, ಬೆಳಕೆಲ್ಲ ಅಲ್ಲೇ ಬಿದ್ದಿತ್ತು. ಆ ತೇಪೆ ನೋಡಿ ಯಾರು ನಕ್ಕಾರು?

"ತಾಯೀ," ಎಂದೆ. "ನನ್ನ ಚೀಲ ಬೇಕಿತ್ತು."

"ಸುಸ್ತಾಯ್ತಾ ಅಮ್ಮ? ಮಾತ್ರೆ ಏನಾದ್ರೂ ತಗೋಬೇಕಾ?"

"ಮಾತ್ರೆ ಅಲ್ಲ. ನಿಂಗೆ ಕೊಡೋದೊಂದಿದೆ. ಈಗ್ಲೇ ಕೊಡ್ಬೇಕು."

ಅವಳೇ ಇಳಿದು ಹೋಗಿ ಚೀಲ ತಂದಳು. ನಾನು ಅಷ್ಟರಲ್ಲಿ ಎರಡನೆಯ ಕೋಣೆಗೆ ವಾಪಸು ಬಂದಿದ್ದೆ. ಸದ್ದು ಕೇಳಿ ಲೌರಿಡ್ಸ್ ಕೂಡ ಸೊಂಟ ಹಿಡಿದುಕೊಂಡು ಬಂದ. ರಿಕ್ಕೆ ಕಂದು ಕಾಗದ ಬಿಚ್ಚಿ, ಎಡಗೈಗೆ ಹಾಕಿಕೊಂಡು, ಕೈಯನ್ನು ಆ ಕಡೆ ಈ ಕಡೆ ತಿರುಗಿಸಿದಳು.

"ಎಷ್ಟು ಬೆಚ್ಚಗಿದೆ! ಆದ್ರೆ ಅಮ್ಮ… ಇದಕ್ಕೆ…" ಎಂದು ಕಿರುಬೆರಳಿನ ಕಡೆ ಉಳಿದ ಖಾಲಿ ಹೆಬ್ಬೆರಳನ್ನು ಹಿಡಿದು ಅಲ್ಲಾಡಿಸಿದಳು. ಪಾಪ, ಮುದುಕಿಗೆ ಕಣ್ಣು ಮಂಜು ಎಂದುಕೊಂಡಿರಬೇಕು. ಮೆಲ್ಲಗೆ ನಕ್ಕಳು.

"ಯಾಕೆ, ಎರಡೇ ಇವೆಯಲ್ಲ," ಎಂದ ಲೌರಿಡ್ಸ್. "ಸರಿಯಾಗೇ ಇದೆ."

"ಎರಡಾ?"

"ಮತ್ತೆ? ಉಪ್ಪು ಹಗ್ಗ ಎಳೆದ್ರೆ ಅಂಗೈ ವಾರದಲ್ಲಿ ಸವೆದುಹೋಗುತ್ತೆ. ಆಗ ಮಗುಚಿ ಹಾಕ್ಕೋಬೇಕು. ಹಿಂಬದಿ ಮುಂದೆ ಬಂತು, ಈ ಹೆಬ್ಬೆರಳು ಆ ಕಡೆ ಹೋಯ್ತು. ಒಂದು ಕೈಗವಸಲ್ಲಿ ಎರಡು ಕೈಗವಸು. ಒಂದೇ ಹೆಬ್ಬೆರಳಿಂದು ಹಾಕ್ಕೊಂಡು ದೋಣಿಗೆ ಹೋದ್ರೆ ಪೇಟೆಯೋನು ಬಂದ ಅಂತ ನಗ್ತಿದ್ರು."

ರಿಕ್ಕೆ ಕೈಗವಸು ನೋಡಿದಳು. ಗೋಡೆ ನೋಡಿದಳು. ಕೈಗವಸು ಹಾಕಿದ ಕೈಯನ್ನು ಮೇಲೆತ್ತಿಕೊಂಡು ಚಿತ್ರದ ಹತ್ತಿರ ಹೋದಳು, ಇನ್ನೂ ಹತ್ತಿರ ಹೋದಳು. ಗೋಡೆಯ ಕಣ್ಣು ಕಿರ್ ಎಂದು ಕೂಗಿಕೊಂಡಿತು.

"ಕಳ್ಳಿ ಸಿಕ್ಕಿಬಿದ್ಲು!" ಎಂದ ಲೌರಿಡ್ಸ್.

ಅವಳು ಕೂಗು ನಿಲ್ಲಿಸಿ ಬಂದು ನನ್ನ ಪಕ್ಕ ನಿಂತಳು. ಮುಖ ಕೆಂಪಾಗಿತ್ತು. "ಒಂದು ವರ್ಷದಿಂದ ಬಂದವರಿಗೆಲ್ಲ ಇದು ತಪ್ಪು ಅಂತ ಹೇಳ್ತಾ ಇದ್ದೀನಿ," ಎಂದಳು. "ಆದ್ರೆ ತಪ್ಪಿಲ್ಲದಿದ್ರೆ ಮುಚ್ಚಿದ್ದು ಯಾಕೆ?"

ಆಗ ಹೇಳಿದೆ. ಕರಿ ಕುರಿಯ ವಿಷಯ, ನಾಲ್ಕು ಸುತ್ತು, ಅಜ್ಜಿ ಬೇಡಿದ್ದು, ಅವನು ಆಗಲಿ ಎಂದದ್ದು. ಅಷ್ಟು ಉದ್ದದ ಮಾತು ನಾನು ಎಷ್ಟೋ ವರ್ಷದಿಂದ ಆಡಿರಲಿಲ್ಲ. ಲೌರಿಡ್ಸ್ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ, ಅದೇ ಒಂದು ಆಶ್ಚರ್ಯ.

ರಿಕ್ಕೆ ನನ್ನ ಕಡೆ ತಿರುಗಿದಳು. "ಹಾಗಾದ್ರೆ ನೀವೇ ಹೇಳಿ ಅಮ್ಮ," ಎಂದಳು. "ಅವನು ಮಾತು ಕೊಟ್ಟಿದ್ದು ನಿಮ್ಮ ಅಜ್ಜಿಗೆ. ಮುಚ್ಚಿಬಿಡಿ ಅಂದ್ರೆ ಗುರುವಾರ ಮುಚ್ಚಿಸ್ತೀನಿ, ಯಾಕೆ ಅಂತ ಯಾರಿಗೂ ಹೇಳಲ್ಲ. ಬೇಡ ಅಂದ್ರೆ ಈ ಕೈಗವಸನ್ನೇ ಹಿಡ್ಕೊಂಡು ಹೋಗಿ ಮೇಲಿನವರ ಮುಂದೆ ನಿಲ್ತೀನಿ. ಒಪ್ಪಿಸಿಯೇ ಬರ್ತೀನಿ."

ನಾನು ಆ ಹೆಬ್ಬೆರಳನ್ನು ಇನ್ನೊಮ್ಮೆ ನೋಡಿದೆ. ಮರಳಿನ ಬಣ್ಣದ ಅಡಿಯಿಂದ ಬರುತ್ತಿತ್ತು. ತುದಿಯ ಕಪ್ಪಿನಲ್ಲಿ ಬರೀ ಕಪ್ಪಿರಲಿಲ್ಲ, ಒಂದಿಷ್ಟು ಕಂದು, ಒಂದಿಷ್ಟು ನೀಲಿ ಇತ್ತು. ಕುರಿಯ ಉಣ್ಣೆ ಒದ್ದೆಯಾದಾಗ ಇರುವುದು ಹಾಗೆಯೇ. ನಾಲ್ಕು ಸುತ್ತು. ಎಣಿಸಿದೆ, ನಾಲ್ಕೇ. ಮುಚ್ಚಬೇಕೆಂದು ಗೊತ್ತಿದ್ದೂ ಆ ಮನುಷ್ಯ ಅದನ್ನು ಮೊದಲು ಇಷ್ಟು ಚೆನ್ನಾಗಿ ಬರೆದಿದ್ದಾನೆ, ತನಗೊಬ್ಬನಿಗಾಗಿ. ಆಮೇಲೆ ತನ್ನ ಕೈಯಾರೆ ಅದರ ಮೇಲೆ ಮರಳು ಹಾಕಿದ್ದಾನೆ, ಬಡವರ ಮನೆಯ ಹೆಂಗಸಿಗೆ ಕೊಟ್ಟ ಮಾತಿಗಾಗಿ.

"ಅಜ್ಜಿ ಇದನ್ನ ನೋಡಿರಲೇ ಇಲ್ಲ," ಎಂದೆ. "ನೋಡಿದ್ದಿದ್ರೆ ಬೇಡ ಅಂತಿರಲಿಲ್ಲ. ಹಾಗೇ ಇರ್ಲಿ ಬಿಡು ತಾಯಿ."

ರಿಕ್ಕೆ ಕೈಗವಸು ತೆಗೆಯದೆಯೇ ನನ್ನ ಕೈ ಹಿಡಿದುಕೊಂಡಳು.

"ಅಕ್ಕ," ಎಂದ ಲೌರಿಡ್ಸ್, ದನಿ ಸಣ್ಣ ಮಾಡಿ. "ಕೈ ನೋಡಿದ್ದಾಯ್ತಲ್ಲ. ಸ್ವಲ್ಪ ಮೇಲೆ ನೋಡೇ."

ನೋಡಿದೆ. ಟೋಪಿಯ ಕೆಳಗೆ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡ ಹುಡುಗ. ಹುಡುಗನೇ. ನನ್ನ ಮೊಮ್ಮಗನಿಗಿಂತ ಚಿಕ್ಕವನು. ಗಡ್ಡ ಇನ್ನೂ ಸರಿಯಾಗಿ ಕೂತಿಲ್ಲ. ಹನ್ನೊಂದು ದಿನ ನಿಂತು ನಿಂತು ಬೇಜಾರಾಗಿ, ಇನ್ನೇನು ನಕ್ಕುಬಿಡುತ್ತಾನೆ ಎಂಬಂತೆ ತುಟಿಯ ಒಂದು ಕೊನೆ ಮೇಲೆದ್ದಿದೆ. ಅಜ್ಜಿ ಆ ಕೈಗವಸಿನ ಬಗ್ಗೆ ಅಷ್ಟೆಲ್ಲ ಹೇಳಿದ್ದಳು. ಅದನ್ನು ಹಾಕಿಕೊಂಡವನು ಇಷ್ಟು ಚೆನ್ನಾಗಿದ್ದ ಎಂದು ಒಂದು ದಿನವೂ ಹೇಳಿರಲಿಲ್ಲ.

"ಮೂಗು ನೋಡು," ಎಂದ ಲೌರಿಡ್ಸ್. "ನಂದೇ."

"ಪಾಪ, ಅವನೇನು ತಪ್ಪು ಮಾಡಿದ್ದ," ಎಂದೆ.

ನಮ್ಮ ಒಂದು ಗಂಟೆ ಯಾವಾಗಲೋ ಮುಗಿದಿತ್ತು. ರಿಕ್ಕೆ ಗಡಿಯಾರ ನೋಡಲಿಲ್ಲ. ಪಕ್ಕದ ಕೋಣೆಯಿಂದ ಎರಡು ಕುರ್ಚಿ ತಂದು ಚಿತ್ರದ ಎದುರಿಗೆ ಹಾಕಿ, ಕಾಫಿ ತರುತ್ತೇನೆಂದು ಕೆಳಗಿಳಿದು ಹೋದಳು.