ವಾರಿಜಾ ಆರಿಸಿದ ಸೆಲ್ಲು

ನಾನು ಒಂದು ಸೆಲ್ಲು. ಪುಟ್ಟ ಟಾರ್ಚಿಗೆ ಹಾಕುವ, ಖಾಲಿಯಾದರೆ ಮತ್ತೆ ಚಾರ್ಜು ಮಾಡಬಹುದಾದ ಸೆಲ್ಲು. ಹೆಬ್ಬೆರಳಿಗಿಂತ ತುಸು ಉದ್ದ, ಮೈಮೇಲೆ ಹಸಿರು ಪ್ಲಾಸ್ಟಿಕ್ ಅಂಗಿ. ದೂರದ ಯಾವುದೋ ಕಾರ್ಖಾನೆಯಲ್ಲಿ ತೆಳು ಹಾಳೆಗಳನ್ನು ಚಾಪೆ ಸುತ್ತಿದಂತೆ ಸುತ್ತಿ ಉಕ್ಕಿನ ಡಬ್ಬಿಗೆ ತುರುಕಿದಾಗ ನಾನು ಹುಟ್ಟಿದೆ. ಎಷ್ಟು ಚಾರ್ಜು ಹಿಡಿಯುತ್ತೇನೆಂದು ಅಳೆದು ನೋಡಿ ಮೈಮೇಲೆ ಮೂರು ಸಾವಿರ ಎಂದು ಅಚ್ಚು ಒತ್ತಿದರು. ಅಷ್ಟನ್ನೂ ನಾನು ನಿಜವಾಗಿ ಹಿಡಿಯುತ್ತಿದ್ದೆ. ಸುಳ್ಳು ಹೇಳದ ಸೆಲ್ಲು ಎಂಬ ಜಂಬ ನನಗೆ ಹುಟ್ಟಿನಿಂದಲೇ ಬಂತು.

ವಿಟ್ಲ ಪೇಟೆಯ ಒಂದು ಇಲೆಕ್ಟ್ರಿಕ್ ಅಂಗಡಿಗೆ ಬಂದು ಬಿದ್ದೆ. ಅಲ್ಲಿ ಕೆಲಸಕ್ಕಿದ್ದವಳು ವಾರಿಜಾ. ಅವಳ ಅಪ್ಪ ಐತಪ್ಪ ಸುರಂಗ ತೋಡುವವನು. ಆ ಕಡೆಯ ಗಟ್ಟಿ ಕೆಂಪು ಮುರಕಲ್ಲಿನ ಗುಡ್ಡೆಗಳಲ್ಲಿ ಬಾವಿಯನ್ನು ಕೆಳಕ್ಕೆ ತೋಡುವುದಕ್ಕಿಂತ ಗುಡ್ಡೆಯ ಹೊಟ್ಟೆಗೇ ಅಡ್ಡಲಾಗಿ ಸುರಂಗ ಕೊರೆದು ನೀರು ತರುವುದು ಹಳೆಯ ಪದ್ಧತಿ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಮಾತ್ರ ಜಾಗ. ಗೋಡೆಯಲ್ಲಿ ಅಲ್ಲಲ್ಲಿ ಗೂಡು ಕೊರೆದು ಮೇಣದಬತ್ತಿ ಇಟ್ಟುಕೊಂಡು, ಐತಪ್ಪ ನಲವತ್ತು ವರ್ಷ ಪಿಕ್ಕಾಸು ಬೀಸಿದ್ದ. ಅವನು ಅಗೆದ ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ಹೊರುವವನು ಜೊತೆಗಾರ ದೂಮಣ್ಣ.

ಒಂದು ಸಂಜೆ ಐತಪ್ಪ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದ. ಬತ್ತಿಯ ಮಂಕು ಬೆಳಕಿನಲ್ಲಿ ಪಿಕ್ಕಾಸು ಕೈಗೇ ಬಿದ್ದಿತ್ತು. ಹೊಗೆಯಿಂದ ಬಂದ ಕೆಮ್ಮು ಬೇರೆ ವರ್ಷಗಳಿಂದ ಇತ್ತು. ಮರುದಿನವೇ ವಾರಿಜಾ ಬೆರಳುದ್ದದ, ಕಣ್ಣು ಕುಕ್ಕುವಷ್ಟು ಬೆಳಕು ಕೊಡುವ ಟಾರ್ಚೊಂದನ್ನು ಅಪ್ಪನಿಗೆಂದು ತೆಗೆದಿಟ್ಟಳು. ಅದಕ್ಕೆ ಸೆಲ್ಲು ಬೇಕಿತ್ತು.

ಅವಳು ಆರಿಸಿದ ರೀತಿ ನೋಡಬೇಕಿತ್ತು! ಮದುವೆಗೆ ಗಂಡು ಹುಡುಕುವವರು ಸಹ ಅಷ್ಟು ಕೂಲಂಕಷವಾಗಿ ನೋಡುವುದಿಲ್ಲ. ನನ್ನ ಪಕ್ಕದಲ್ಲಿ ಒಂದು ಕೆಂಪು ಸೆಲ್ಲು ಮೈಮೇಲೆ ಒಂಬತ್ತು ಸಾವಿರ ಎಂದು ಬರೆಸಿಕೊಂಡು ಮೆರೆಯುತ್ತಿತ್ತು. ವಾರಿಜಾ ನಮ್ಮಿಬ್ಬರನ್ನೂ ಪಕ್ಕದ ದಿನಸಿ ಅಂಗಡಿಯ ತಕ್ಕಡಿಗೆ ಹಾಕಿದಳು. ಕೆಂಪಣ್ಣ ಮೇಲೆ ಹೋದ, ನಾನು ಕೆಳಗಿಳಿದೆ. "ಇಷ್ಟು ಸಣ್ಣ ಹೊಟ್ಟೆಯಲ್ಲಿ ಒಂಬತ್ತು ಸಾವಿರ ಎಲ್ಲಿಂದ ಬರ್ಬೇಕು? ಬರೀ ಬೊಗಳೆ," ಎಂದು ಅವನನ್ನು ಅತ್ತ ಸರಿಸಿದಳು. ಕೂಡಿಟ್ಟುಕೊಂಡದ್ದು ಎಷ್ಟಿದ್ದರೂ, ಒಮ್ಮೆಗೇ ಧಾರಾಳವಾಗಿ ಕೊಡಲು ಬಾರದ ಸೆಲ್ಲುಗಳೂ ಇರುತ್ತವೆ. ಅಂಥವನ್ನು ಹಾಕಿದರೆ ಟಾರ್ಚು ಬೇಗ ಮಂಕಾಗುತ್ತದೆ. ಅದಕ್ಕೇ ನನ್ನನ್ನು ಟಾರ್ಚಿಗೆ ಹಾಕಿ, ಗಡಿಯಾರ ಎದುರಿಗಿಟ್ಟುಕೊಂಡು, ದಿನಕ್ಕೊಮ್ಮೆ ಚಾರ್ಜು ತುಂಬಿ, ಮೂರು ದಿನ ಉರಿಸಿ ನೋಡಿದಳು. ನಾನು ಒಮ್ಮೆಯೂ ಕುಗ್ಗಲಿಲ್ಲ. "ಇದು ಕೈ ಕೊಡುವ ಜಾತಿಯಲ್ಲ," ಎಂದಳು. ಆ ಮಾತು ಕೇಳಿ ನಾನು ಎಷ್ಟು ಉಬ್ಬಿದೆನೋ!

"ಇದೆಲ್ಲ ಎಂತಕ್ಕೆ ಮಗಾ? ಮೇಣದಬತ್ತಿ ಉಂಟಲ್ಲ," ಎಂದ ಐತಪ್ಪ.

"ಹೊಗೆ ಕುಡಿದು ಕುಡಿದು ನಿಮ್ಮ ಎದೆ ಹಾಳಾಯ್ತು ಅಪ್ಪ. ಇನ್ನು ಬತ್ತಿ ಮುಟ್ಟಿದ್ರೆ ನನ್ನಾಣೆ," ಎಂದು ವಾರಿಜಾ ಅವನ ಚೀಲದಲ್ಲಿದ್ದ ಹೊಸ ಮೇಣದಬತ್ತಿ ಪ್ಯಾಕೆಟನ್ನು ಕಿತ್ತುಕೊಂಡು ಹೋಗಿ ಅಂಗಡಿಯ ಡ್ರಾಯರಿನಲ್ಲಿಟ್ಟಳು.

ಐತಪ್ಪ ನನ್ನ ಟಾರ್ಚನ್ನು ತಲೆಗೆ ಸುತ್ತಿದ ಬೈರಾಸಿಗೆ ಬಿಗಿದುಕೊಂಡ. ಮೊದಲ ಕೆಲವು ದಿನ ಮಗಳಿಗೆ ಕಾಣದಂತೆ, ಒಂದು ಹಳೆಯ ಬತ್ತಿಯ ತುಂಡನ್ನೂ ಹಚ್ಚಿಡುತ್ತಿದ್ದ. ನನಗೆ ಅದನ್ನು ಕಂಡರೆ ಹೊಟ್ಟೆಯುರಿ. ನನ್ನ ಬೆಳಕಿನ ಮುಂದೆ ಅದು ಯಾವ ಲೆಕ್ಕ? ಆದರೂ ಅದರ ಉರಿ ಒಂದಿಷ್ಟು ಕುಗ್ಗಿದರೆ ಸಾಕು, ಐತಪ್ಪ ಪಿಕ್ಕಾಸು ಬಿಟ್ಟು, "ದೂಮಣ್ಣ, ಹೊರಗೆ ಹೋಗುವ," ಎನ್ನುತ್ತಿದ್ದ. ನಾನಿದ್ದೇನಲ್ಲ, ಯಾಕೆ ಹೊರಗೆ ಓಡುತ್ತಾನೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಬೆಂಕಿಗೂ ಮನುಷ್ಯನಿಗೂ ಬೇಕಾದ ಗಾಳಿ ಒಂದೇ ಎಂಬುದು ನನಗೆ ತಿಳಿದಿರಲಿಲ್ಲ. ನನಗೆ ಗಾಳಿಯೇ ಬೇಡವಲ್ಲ!

ಒಂದು ದಿನ ಅಪ್ಪನ ಅಂಗಿಯಲ್ಲಿ ಹೊಗೆ ವಾಸನೆ ಬಂದು ವಾರಿಜಾ ಅತ್ತಳು. ಮಗಳ ಕಣ್ಣೀರಿಗೆ ಐತಪ್ಪ ಸೋತ. ಬತ್ತಿಯ ತುಂಡನ್ನು ಎಸೆದ. "ಗಾಳಿ ಕೆಟ್ಟದ್ದು ನನ್ನ ಮೂಗಿಗೇ ಗೊತ್ತಾಗ್ತದೆ ಬಿಡು," ಎಂದು ದೂಮಣ್ಣನನ್ನು ಸಮಾಧಾನ ಮಾಡಿದ. ನಾನು ಗೆದ್ದೆ ಎಂದುಕೊಂಡೆ. ಇವತ್ತಿಗೂ ಆ ದಿನ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ಬೇಸಿಗೆಯಲ್ಲಿ ಗುಡ್ಡೆಯ ಮೇಲಿನ ಶಾಲೆಯ ಬಾವಿ ಬತ್ತಿತು. ಮಣ್ಣು ಕುಸಿದು ಎಷ್ಟೋ ವರ್ಷಗಳಿಂದ ಮುಚ್ಚಿಹೋಗಿದ್ದ ಹಳೆಯ ಸುರಂಗವೊಂದನ್ನು ಬಿಡಿಸಿಕೊಡಲು ಐತಪ್ಪನನ್ನು ಕರೆದರು. ನಡು ಮಧ್ಯಾಹ್ನ. ದೂಮಣ್ಣ ಬುಟ್ಟಿ ಹೊತ್ತು ಹೊರಗೆ ಹೋಗಿದ್ದ. ಕುಸಿದ ಮಣ್ಣಿನಲ್ಲಿ ಐತಪ್ಪ ತಲೆ ತೂರುವಷ್ಟು ದಾರಿ ಮಾಡಿ ಆಚೆಗೆ ನುಸುಳಿದ. ಒಳಗೆ ಬೇರು, ಕೊಳೆತ ಸೊಪ್ಪು. ನಾನು ಕೊನೆಯವರೆಗೂ ಬೆಳಕು ಚೆಲ್ಲಿದೆ. ಅಲ್ಲಿ ನೀರು ಫಳಕ್ಕನೆ ಹೊಳೆಯಿತು.

"ನೀರುಂಟು ದೂಮಣ್ಣ!" ಎಂದು ಕೂಗಿದ. ಎಷ್ಟು ಖುಷಿಯಿತ್ತು ಆ ದನಿಯಲ್ಲಿ! ಎರಡು ಹೆಜ್ಜೆ ಇಟ್ಟ. ಮತ್ತೆ ಗೋಡೆಗೆ ಕೈ ಕೊಟ್ಟು, ದಣಿದವನಂತೆ ಕುಳಿತ. ತಲೆ ಗೋಡೆಗೆ ವಾಲಿತು. ಅಲ್ಲಿನ ಕೆಟ್ಟ ಗಾಳಿಗೆ ವಾಸನೆಯೇ ಇರಲಿಲ್ಲ. ಮೂಗು ಏನನ್ನೂ ಹೇಳಲಿಲ್ಲ.

ಹೊರಗಿನಿಂದ ದೂಮಣ್ಣ ಬಗ್ಗಿ ನೋಡಿದ. ಮಣ್ಣಿನ ಕಿಂಡಿಯ ಆಚೆ ಬೆಳಕು ನಿಚ್ಚಳವಾಗಿ ಕಾಣುತ್ತಿತ್ತು. ಬೆಳಕು ಉಂಟಲ್ಲ, ಇನ್ನೇನು ಭಯ ಎಂದು ಅವನು ನೆರಳಿಗೆ ಕೂತು ಎಲೆಯಡಿಕೆ ಹಾಕಿಕೊಂಡ. ನಲವತ್ತು ವರ್ಷ ಬೆಳಕು ನೋಡಿಯೇ ಜೊತೆಗಾರನ ಜೀವ ಕಾದವನು ಅವನು. ಒಳಗೆ ನಾನು ಉರಿಯುತ್ತಲೇ ಇದ್ದೆ. ಒಮ್ಮೆ ಆರಿದ್ದರೆ, ಒಂದೇ ಒಂದು ಸಲ ಮಿಣುಕಿದ್ದರೆ, ಅವನು ಎದ್ದು ಓಡಿ ಬರುತ್ತಿದ್ದ. ಆದರೆ ನಾನು ಕೈ ಕೊಡುವ ಜಾತಿಯಲ್ಲವಲ್ಲ. ಐತಪ್ಪನ ಉಸಿರು ನಿಂತ ಮೇಲೂ ನಾನು ನಿಲ್ಲಲಿಲ್ಲ.

ಬತ್ತಿ ನಂದಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅರ್ಥ ಎಂಬುದನ್ನು ಸಾವಿನ ಮನೆಗೆ ಬಂದವರ ಬಾಯಲ್ಲಿ ಕೇಳಿದ ವಾರಿಜಾ, ಮೂರನೆಯ ದಿನ ದೂಮಣ್ಣನ ಎದುರು ಕೂತಳು. "ಮಾವ, ಅಪ್ಪ ಬತ್ತಿ ಇಟ್ಟುಕೊಂಡಿರ್ಲಿಲ್ವಾ?"

ದೂಮಣ್ಣ ಅವಳ ಮುಖ ನೋಡದೆ ಎಲೆಗೆ ಸುಣ್ಣ ಸವರಿದ. "ಇತ್ತು ಮಗಾ. ಬತ್ತಿ ನಂದಿತ್ತು, ನಾನು ಕರೆದೆ. ನೀರು ಕಂಡ ಖುಷಿಗೆ ಅವನೇ ಬರ್ಲಿಲ್ಲ."

ಅವಳು ಸರಿ ಎಂಬಂತೆ ತಲೆಯಾಡಿಸಿದಳು. ಅಂಗಡಿಗೆ ಬಂದು ನನ್ನನ್ನು ಟಾರ್ಚಿನಿಂದ ಬಿಚ್ಚಿ, ಇಡುವುದಕ್ಕೆ ಡ್ರಾಯರು ಎಳೆದಳು. ಅಲ್ಲಿ ಅವಳೇ ಕಿತ್ತುಕೊಂಡು ತಂದ ಪ್ಯಾಕೆಟ್ ಒಡೆಯದೆ ಬಿದ್ದಿತ್ತು. ಅದನ್ನು ಕೈಗೆತ್ತಿಕೊಂಡು ಒಳಗಿನ ಬತ್ತಿಗಳನ್ನು ಒಂದೊಂದಾಗಿ ಎಣಿಸಿದಳು; ಒಂದೂ ಕಡಿಮೆಯಿರಲಿಲ್ಲ. ಕೊನೆಗೆ ನನ್ನನ್ನೂ ಪ್ಯಾಕೆಟನ್ನೂ ಒಟ್ಟಿಗೆ ಒಳಗಿಟ್ಟು ಡ್ರಾಯರು ಮುಚ್ಚಿದಳು.

ಎಂಟು ವರ್ಷವಾಯಿತು. ನನ್ನ ಹಸಿರು ಅಂಗಿ ಹರಿದಿದೆ, ಒಳಗಿನ ಚಾರ್ಜು ತಾನಾಗಿಯೇ ಸೋರಿಹೋಗಿದೆ. ವಾರಿಜಾ ಈಗಲೂ ಸೆಲ್ಲು ಮಾರುತ್ತಾಳೆ, ಈಗಲೂ ತೂಗಿ, ಉರಿಸಿ ನೋಡಿಯೇ ಕೊಡುತ್ತಾಳೆ. ಬಾವಿ, ಸುರಂಗದ ಕೆಲಸದವರು ಬಂದರೆ ಮಾತ್ರ ಡ್ರಾಯರು ತೆರೆಯುತ್ತಾಳೆ. ಒಂದು ಮೇಣದಬತ್ತಿ ತೆಗೆದು ಕೈಗಿಟ್ಟು, "ಇದು ಉರಿಯುವಷ್ಟು ಹೊತ್ತು ಮಾತ್ರ ಒಳಗಿರಿ. ಟಾರ್ಚನ್ನು ನಂಬಬೇಡಿ," ಎನ್ನುತ್ತಾಳೆ. ಪ್ಯಾಕೆಟ್ ಖಾಲಿಯಾದಂತೆ ಹೊಸದನ್ನು ತಂದು ತುಂಬುತ್ತಾಳೆ. ಮೊನ್ನೆ ದೂಮಣ್ಣನ ಅಳಿಯ ಬಂದು ಒಂದು ಒಯ್ದ.

ಆ ಬತ್ತಿಗಳ ಮೇಲೆ ನನಗೀಗ ಹೊಟ್ಟೆಯುರಿಯಿಲ್ಲ. ಡ್ರಾಯರಿನ ಕತ್ತಲೆಯಲ್ಲಿ ಅವುಗಳ ಪಕ್ಕ ಮಲಗಿರುತ್ತೇನೆ. ನಾನು ಬೇಕಾದಷ್ಟು ಉರಿದೆ. ಆರಬೇಕಾದ ಹೊತ್ತಿಗೆ ಆರಲು ಮಾತ್ರ ನನಗೆ ಬರಲಿಲ್ಲ.